ಅಳತೆಯ ಬಿಸಿಲು, ಲೆಕ್ಕದ ಬಿಸಿಲು

ಬಿಸಿಲಿಗೆ ನಿಂತರೆ ಮೈ ಬೆವರುತ್ತಿತ್ತು, ಅಂಗಾಲು ಚುರುಗುಟ್ಟುತ್ತಿತ್ತು ಎಂದರೆ ಹಿರೇಕೊಳ್ಳದ ಮಕ್ಕಳು ನಗುತ್ತಿದ್ದವು. ಅವು ಹುಟ್ಟಿದಾಗಿನಿಂದ ಕಂಡ ಬಿಸಿಲು ತಂಪು. ತಂಪಾಗಿದ್ದುಕೊಂಡೇ ಕೊಲ್ಲುವಂಥದು.

ಭೂಮಿಯ ಕಾವು ಏರುತ್ತ ಹೋದಾಗ ದೇಶದೇಶಗಳು ಕೂಡಿ ಒಂದು ಉಪಾಯ ಮಾಡಿದ್ದವು. ಮಳೆಮೋಡಗಳಿಗಿಂತ ಬಹಳ ಮೇಲೆ ವಿಮಾನ ಹಾರಿಸಿ ಗಂಧಕದ ನುಣ್ಣನೆಯ ಹುಡಿ ಚೆಲ್ಲಿದರು. ಸೂರ್ಯನ ಶಾಖ ಒಂದಿಷ್ಟು ಅಲ್ಲಿಂದಲೇ ಹಿಂದಕ್ಕೆ ಹೋಯಿತು. ಕಾವು ಇಳಿಯಿತು, ಮಳೆ ತನ್ನ ಕಾಲಕ್ಕೆ ಬರತೊಡಗಿತು, ಜನ ಸಿಹಿ ಹಂಚಿದರು. ಆದರೆ ಅದೇ ಎತ್ತರದಲ್ಲಿ ಓಝೋನ್ ಎಂಬ ಹೊದಿಕೆಯೊಂದು ಇದೆಯಲ್ಲ, ಕಣ್ಣಿಗೆ ಕಾಣದ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವಂಥದು, ಅದನ್ನು ಈ ಹುಡಿ ಹಳೆಯ ಪಂಚೆಯ ಹಾಗೆ ಸವೆಸಿಬಿಟ್ಟಿತು. ಹುಡಿ ಚೆಲ್ಲುವುದನ್ನು ನಿಲ್ಲಿಸೋಣವೆಂದರೆ ತಡೆದಿಟ್ಟ ಕಾವೆಲ್ಲ ಒಮ್ಮೆಗೇ ಮರಳಿ ಬರುತ್ತದೆ. ನಿಲ್ಲಿಸುವಂತಿಲ್ಲ, ಮುಂದುವರಿಸುವಂತಿಲ್ಲ. ಹೀಗಾಗಿ ಮೈಗೆ ತಿಳಿಯುವ ಬಿಸಿಲು ಕಡಿಮೆಯಾಯಿತು, ಮೈಗೆ ತಿಳಿಯದ ಬಿಸಿಲು ಹೆಚ್ಚಾಯಿತು. ನಡುಹಗಲಲ್ಲಿ ಹಾಯಾಗಿ ಹೊಲದಲ್ಲಿ ನಿಂತು ಬಂದವನ ಬೆನ್ನು ಸಂಜೆಗೆ ಬೊಕ್ಕೆ ಏಳುತ್ತಿತ್ತು.

ಮೈ ಹೇಳದ್ದನ್ನು ಹೇಳಲಿಕ್ಕೆ ಕೇಂದ್ರಗಳನ್ನು ಕಟ್ಟಿದರು. ಹಿರೇಕೊಳ್ಳದ್ದು ಊರ ಹೊರಗಿನ ದಿಬ್ಬದ ಮೇಲಿತ್ತು. ಅದರ ಮಾಳಿಗೆಯ ಮೇಲೆ ಅಂಗೈಯಗಲದ ಗಾಜಿನ ಬಟ್ಟಲನ್ನು ಬೋರಲು ಹಾಕಿದಂತಿದ್ದ ಉಪಕರಣ. ಆಕಾಶದಿಂದ ಬಿದ್ದ ಅತಿನೇರಳೆ ಕಿರಣ ಎಷ್ಟೆಂದು ಅದು ಅಳೆಯುತ್ತಿತ್ತು. ಕೆಳಗಿನ ಕೋಣೆಯಲ್ಲಿ ಕಂಪ್ಯೂಟರು. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ಓಝೋನ್ ಎಷ್ಟು ಉಳಿದಿದೆ, ಮೋಡ ಎಷ್ಟು, ಧೂಳು ಎಷ್ಟು ಎಂದು ಕೂಡಿ ಕಳೆದು, ನೆಲಕ್ಕೆ ಎಷ್ಟು ಬೀಳಬೇಕೆಂದು ಅದು ಲೆಕ್ಕ ಹೇಳುತ್ತಿತ್ತು. ಪರದೆಯ ಮೇಲೆ ಎರಡು ಗೆರೆ. ಅಳತೆಯದು ಕೆಂಪು, ಲೆಕ್ಕದ್ದು ನೀಲಿ. ಅವೆರಡೂ ಒಂದರ ಮೈಗೆ ಒಂದು ಅಂಟಿಕೊಂಡು ಹೋದರೆ ಎಲ್ಲ ಸರಿ. ಆ ಗೆರೆ ಅಪಾಯದ ಮಟ್ಟ ಮುಟ್ಟುವ ಮೊದಲು ದಿಬ್ಬದ ಮೇಲಿನ ಸೈರನ್ ಕೂಗುತ್ತಿತ್ತು. ಮೊದಲ ಕೂಗಿಗೆ ಎಲ್ಲರೂ ಒಳಗೆ. ಇಳಿಹೊತ್ತಿನ ಎರಡನೇ ಕೂಗಿಗೆ ಹೊರಗೆ. ಊರಿನ ಮದುವೆ, ಸಂತೆ, ಹೆಣ ಎತ್ತುವುದು, ಎಲ್ಲವೂ ಈ ಎರಡು ಕೂಗುಗಳ ಆಚೀಚೆಯೇ ನಡೆಯಬೇಕಿತ್ತು.

ಆ ಕೋಣೆಯ ಹೊಣೆ ಮಹಾನಂದಾಳದು. ಕೆರೆಯಂಚಿನ ಮಡಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಫಕೀರವ್ವನ ಮಗಳು ಆಕೆ. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳುತ್ತ ಓದಿ, ಭೌತವಿಜ್ಞಾನ ಕಲಿತು, ತನ್ನ ಊರಿಗೇ ಅಧಿಕಾರಿಯಾಗಿ ಬಂದವಳು. ಫಕೀರವ್ವ ಮಾತ್ರ ಕಟ್ಟೆ ಬಿಟ್ಟಿರಲಿಲ್ಲ. ಬೆಳಕು ಹರಿಯುವ ಮೊದಲು ಒಗೆದು, ಕೂಗಾದ ಕೂಡಲೇ ಹಸಿ ಬಟ್ಟೆಯನ್ನು ಹೊತ್ತು ತಗಡಿನ ಚಪ್ಪರಕ್ಕೆ ಓಡುವುದು ಅವಳ ಕೆಲಸವಾಗಿತ್ತು. ಚಪ್ಪರದಲ್ಲಿ ಒಣಗಿದ ಬಟ್ಟೆಗೆ ಒಂದು ಮುಗ್ಗಲು ವಾಸನೆ. “ಬಿಸಲ ಕಾಣದ ಬಟ್ಟಿ, ತಾಯಿ ಕಾಣದ ಕೂಸು, ಎರಡೂ ಒಂದ,” ಎಂದು ಫಕೀರವ್ವ ಗೊಣಗುತ್ತಿದ್ದಳು.

ಆ ವರ್ಷ ಖಂಡೇಪೂಜೆಗೆ ಕೇಂದ್ರದವರು ಮನೆಮಂದಿಯನ್ನೂ ಕರೆದರು. ಆ ಸೀಮೆಯಲ್ಲಿ ಖಂಡೇಪೂಜೆಯ ದಿನ ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ಅನ್ನ ಕೊಡುವ ಎಲ್ಲ ಸಾಮಾನಿಗೂ ಪೂಜೆಯಾಗಬೇಕು. ಕೇಂದ್ರದ ಮಾಳಿಗೆ ಕಾಯುವ ಶಿವಪುತ್ರಪ್ಪ ನಸುಕಿನಲ್ಲೇ ಎದ್ದು ಚೆಂಡುಹೂವಿನ ಸರ ಕಟ್ಟಿದ್ದ. ಫಕೀರವ್ವ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಉಪಕರಣದ ಮುಂದೆ ನಿಂತಳು.

“ಇದೇನ ನಿನ್ನ ಮಷೀನು? ಇಷ್ಟ?”

“ಇಷ್ಟ ಬೇ. ಇದೊಂದು ಕಣ್ಣಿದ್ದಂಗ. ದಿನಾ ಮುಗಿಲ ನೋಡಕೋಂತ ಕುಂದರತೈತಿ.”

“ರೆಪ್ಪಿ ಇಲ್ಲದ ಕಣ್ಣು. ಪಾಪ, ಇದಕ್ಕ ದೃಷ್ಟಿ ತೆಗಿಯಾವ್ರು ಯಾರು?” ಎಂದು ಫಕೀರವ್ವ ಸೆರಗಿನ ಗಂಟು ಬಿಚ್ಚಿದಳು. ಗಂಟಿನಲ್ಲಿ ಮೈಲಾರದಿಂದ ತಂದ ಭಂಡಾರವಿತ್ತು, ದೇವರ ಅರಿಶಿನದ ಪುಡಿ. ಅದನ್ನು ನೀರಲ್ಲಿ ಕಲಸಿ ಮೂರು ಬೆರಳಿನಿಂದ ಗಾಜಿನ ಮೇಲೆ ಎಳೆದಳು. ನಡುವೆ ಕುಂಕುಮ ಇಟ್ಟಳು. ಎಲ್ಲರೂ ಕೈಮುಗಿದರು. ಕಾಯಿ ಒಡೆದಾಯಿತು.

“ಪೂಜಿ ಆದಮ್ಯಾಲೆ ಗಾಜ ಒರಸ್ರಿ ಶಿವಪುತ್ರಪ್ಪ,” ಎಂದು ಹೇಳಿ ಮಹಾನಂದಾ ಬಂದವರಿಗೆ ಚಹಾ ಕೊಡಲು ಕೆಳಗಿಳಿದಳು.

ಶಿವಪುತ್ರಪ್ಪ ಒದ್ದೆ ಬಟ್ಟೆ ತಂದ. ಫಕೀರವ್ವ ತಡೆದಳು. “ಕುಂಕುಮ ಒರಸಪಾ. ಭಂಡಾರಕ್ಕ ನೀರ ಹಚ್ಚಬಾರದು. ಅದು ತಾನಾಗೇ ಹೋಗಬೇಕು.”

“ಖರೇರಿ ಅಮ್ಮಾರ,” ಎಂದ ಅವನು. ಅವನ ಮನೆಯಲ್ಲೂ ಅದೇ ನೇಮ. ಒಣ ಬಟ್ಟೆಯಿಂದ ಮೇಲೆ ಮೇಲೆ ಒರೆಸಿದ. ಕುಂಕುಮ ಹೋಯಿತು, ಅರಿಶಿನದ ಪುಡಿ ಉದುರಿತು. ಉಳಿದದ್ದು ಕಂಡೂ ಕಾಣದಂಥ ಒಂದು ಹಳದಿ ನೆರಳು. ಆಮೇಲೂ ಅವನು ದಿನಾ ನಸುಕಿನಲ್ಲಿ ಆ ಗಾಜಿನ ಧೂಳನ್ನು ಒಣ ಬಟ್ಟೆಯಿಂದಲೇ ಝಾಡಿಸುತ್ತಿದ್ದ. ಮೇಡಮ್ಮರ ತಾಯಿ ಹಚ್ಚಿದ ಭಂಡಾರ, ಅದಕ್ಕೆ ಸ್ಪಿರಿಟ್ ಹಾಕಿ ತಿಕ್ಕುವ ಮನಸ್ಸು ಅವನಿಗಾಗಲಿಲ್ಲ.

ಪರದೆಯ ಮೇಲೆ ಕೆಂಪು ಗೆರೆ ನೀಲಿಯನ್ನು ಬಿಟ್ಟು ಕೆಳಗಿಳಿಯಿತು. ಲೆಕ್ಕ ಹೇಳಿದ್ದರಲ್ಲಿ ಹತ್ತಿರಹತ್ತಿರ ಕಾಲುಭಾಗ ಕಡಿಮೆ. ಮಹಾನಂದಾ ತಂತಿ ನೋಡಿದಳು, ವಿದ್ಯುತ್ತು ನೋಡಿದಳು. ನೆರೆಯ ಎರಡು ಕೇಂದ್ರಗಳಿಗೆ ಫೋನು ಮಾಡಿದಳು. ಅಲ್ಲಿಯೂ ಅಳತೆ ಇಳಿದಿತ್ತು, ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಒಂದು ಉಪಕರಣ ಕೆಡಬಹುದು, ಮೂರು ಒಮ್ಮೆಗೇ ಕೆಡುತ್ತವೆಯೇ? ಮೇಲಧಿಕಾರಿ ಇನಾಮದಾರರು ಕಿಟಕಿಯ ಗಾಜಿನಾಚೆ ಬೆರಳು ತೋರಿಸಿದರು. ಸುಗ್ಗಿ ಮುಗಿದು ಸುತ್ತೆಲ್ಲ ಗೋವಿನಜೋಳದ ದಂಟು ಸುಡುತ್ತಿದ್ದರು. ದಿಗಂತದಲ್ಲಿ ಕಂದು ಹೊಗೆ.

“ಅಲ್ಲೇ ಐತಿ ನೋಡ್ರಿ ನಿಮ್ಮ ಉತ್ತರ. ನೆಲಕ್ಕ ಹತ್ತಿದ ಹೊಗಿ ಉಪಗ್ರಹಕ್ಕ ಕಾಣೂದಿಲ್ಲ, ಲೆಕ್ಕದಾಗ ಸೇರಿಲ್ಲ. ಲೆಕ್ಕ ಅಂದ್ರ ಊಹೆ ಮೇಡಮ್. ಅಳತಿ ಖರೇ.”

ಓದಿದ ಪುಸ್ತಕಗಳೂ ಅದನ್ನೇ ಹೇಳಿದ್ದವು. ಲೆಕ್ಕ ಮತ್ತು ಅಳತೆ ಜಗಳವಾಡಿದರೆ ಅಳತೆಯ ಮಾತು ಕೇಳು. ಅವಳು ಲೆಕ್ಕಕ್ಕೆ ಹೊಗೆ ಸೇರಿಸಿದಳು. ನೀಲಿ ಗೆರೆ ಇಳಿದು ಕೆಂಪನ್ನು ಕೂಡಿಕೊಂಡಿತು. ನೋಡಲು ಎಷ್ಟು ಚೆಂದವಾಗಿತ್ತೆಂದರೆ ಅವಳು ಶಿವಪುತ್ರಪ್ಪನನ್ನೂ ಕರೆದು ತೋರಿಸಿದಳು. ಮಾರನೆಯ ದಿನದಿಂದ ಮೊದಲ ಕೂಗು ತಡವಾಗಿ ಕೂಗಿತು, ಎರಡನೆಯದು ಬೇಗ.

ಮಡಿಕಟ್ಟೆಗೆ ಹಬ್ಬ ಬಂತು. ವರ್ಷಗಳ ಮೇಲೆ ಬಟ್ಟೆಗಳು ಚಪ್ಪರದಿಂದ ಹೊರಬಂದು ಆಕಾಶದ ಕೆಳಗೆ ಹಾರಾಡಿದವು. ಕಟ್ಟೆಯ ಹೆಂಗಸರು ಚಪ್ಪರದ ಹಗ್ಗಗಳನ್ನು ಬಿಚ್ಚಿ ಬಯಲಲ್ಲಿ ಕಟ್ಟಿದರು. ಫಕೀರವ್ವನ ಪಕ್ಕದ ಕಲ್ಲು ದ್ಯಾಮವ್ವನದು. ಕಂಕುಳಲ್ಲಿ ಸೆರಗು ಹೊದ್ದ ಕೂಸು, ಬಾಯಲ್ಲಿ ಮಾತು, ಎರಡೂ ಇಳಿಯದ ಹೆಣ್ಣು. ಫಕೀರವ್ವನನ್ನು ಅತ್ತಿ ಎನ್ನುತ್ತಿದ್ದಳು.

“ಅತ್ತೀ, ನಿನ್ನ ಮಗಳ ಹೊಟ್ಟಿ ತಣ್ಣಗಿರಲಿ. ನನ್ನ ಗಂಡನ ಅಂಗಿ ಬಿಸಲ ಕಂಡು ಯಾವ ಕಾಲ ಆಗಿತ್ತು!”

“ಅಂಗಿ ಜೋಡಿ ಗಂಡನ್ನೂ ಹಗ್ಗಕ್ಕ ಹಾಕ.”

“ಅಂವ ಬಿಸಲಿಗಿ ಹಾಕಿದ್ರ ಒಣಗೂ ಪೈಕಿ ಅಲ್ಲ ಬಿಡು. ರಾತ್ರಿ ಮತ್ತ ತೋಯಿಸಿಕೊಂಡ ಬರ್ತಾನ.”

ಕಟ್ಟೆಯೆಲ್ಲ ನಕ್ಕಿತು. ಹಸಿ ಕಲ್ಲು ಹೊಳೆಯುತ್ತಿತ್ತು, ನೀರು ಹೊಳೆಯುತ್ತಿತ್ತು, ಬಿಳಿ ಹಾಸಿಗೆಬಟ್ಟೆಗಳು ಕಣ್ಣು ಕೋರೈಸುತ್ತಿದ್ದವು. ಮೇಲಿನಿಂದ ಬಿದ್ದದ್ದು ಕೆಳಗಿನಿಂದಲೂ ಚಿಮ್ಮಿ ಬಗ್ಗಿದ ಮುಖಗಳಿಗೆ ಬಡಿಯುತ್ತಿತ್ತು. ಆದರೂ ತಂಪಾಗಿತ್ತು. ಹಾಯಾಗಿತ್ತು. ಕೂಗು ಇನ್ನೂ ಆಗಿರಲಿಲ್ಲ.

ಕೆಲವು ದಿನಗಳಲ್ಲಿ ಫಕೀರವ್ವ ಸಂಜೆ ಕಣ್ಣು ತಿಕ್ಕಿಕೊಳ್ಳತೊಡಗಿದಳು.

“ಕಣ್ಣಾಗ ಉಸುಕ ಸುರವಿದಂಗ ಆಗೇತಿ ಬೇ. ಉಬ್ಬಿ ಹಬಿ ಬಡದಿರಬೇಕು,” ಎಂದಳು. ಸೋಡಾ ನೀರಲ್ಲಿ ಬಟ್ಟೆ ಬೇಯಿಸುವ ಉಬ್ಬೆಯ ಹಬೆ ಕಣ್ಣಿಗೆ ಕೆಟ್ಟದ್ದೇ. ಮಹಾನಂದಾ ಔಷಧ ತಂದು ಹಾಕಿ, ನಾಳೆ ಕಟ್ಟೆಗೆ ಹೋಗಬೇಡ ಎಂದಳು.

“ಎಲ್ಲಾರ ಕಣ್ಣೂ ಹಂಗ ಆಗ್ಯಾವು. ಹೊಸಾ ಸೋಡಾ ತಂದಾರ, ಅದರದ್ದು. ಇಷ್ಟ ಬಿಸಲ ಬಿಟ್ಟು ಮನ್ಯಾಗ ಕುಂದರಲೇನು?” ಎಂದು ಫಕೀರವ್ವ ಮುಂಜಾನೆ ಮತ್ತೆ ಹೋದಳು.

ಬಿಸಿಲೇ ಇರಬಹುದೇ ಎಂದು ಕಟ್ಟೆಯಲ್ಲಿ ಯಾರೂ ಕೇಳಲಿಲ್ಲ. ಕೂಗಾದ ಕೂಡಲೇ ಒಳಗೆ ಬರುತ್ತೇವಲ್ಲ ಎಂಬ ನಂಬಿಕೆ. ಮಹಾನಂದಾಳೂ ಕೇಳಲಿಲ್ಲ. ಎರಡು ಗೆರೆ ಒಮ್ಮೆ ಕೂಡಿದ ಮೇಲೆ ಅವಳು ಅವನ್ನು ಮತ್ತೆ ಹೋಲಿಸಿ ನೋಡಿರಲಿಲ್ಲ. ದ್ಯಾಮವ್ವ ಹರಳೆಣ್ಣೆ ಬಿಟ್ಟುಕೊಂಡು, ಕೆಂಪು ಕಣ್ಣಿನಲ್ಲೇ ಒಗೆದಳು. ಸುಟ್ಟ ಕಣ್ಣಿಗೆ ಕೆರೆಯ ನೀರು ಸೋಂಕಿ ಹುಣ್ಣಾಯಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕರಿಗುಡ್ಡೆಯ ಮೇಲಿನ ಪೊರೆ ಎರಡೂ ಕಣ್ಣಿನಲ್ಲಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಬೇರೆಯವರ ಕಣ್ಣು ಸಿಕ್ಕರೆ ಹಾಕಬಹುದು ಎಂದರು ಡಾಕ್ಟರು. ತಂಪು ಬಿಸಿಲಿನ ಕಾಲದಲ್ಲಿ ಅದಕ್ಕೆ ಕಾಯುವವರ ಸಾಲು ಎಷ್ಟು ಉದ್ದವಿತ್ತೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಫಕೀರವ್ವನ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು.

ಕಣ್ಣು ಸುಟ್ಟದ್ದು ಬಿಸಿಲಿಗೆಂದು ಆಸ್ಪತ್ರೆಯಿಂದ ಕೇಂದ್ರಕ್ಕೆ ಸುದ್ದಿ ಬಂದ ದಿನವೇ ಮಹಾನಂದಾ ಕೂಗನ್ನು ಹಳೆಯ ಹೊತ್ತಿಗೆ ತಂದು, ನೆರೆಯ ಕೇಂದ್ರಗಳಿಗೂ ತಿಳಿಸಿದಳು. ಆಮೇಲೆ ಪರದೆಯ ಮುಂದೆ ಕುಳಿತಳು. ಖಂಡೇಪೂಜೆಯ ದಿನದಿಂದ ಇಂದಿನವರೆಗಿನ ಕೆಂಪು ಗೆರೆಯನ್ನು ಉದ್ದಕ್ಕೆ ಹರಡಿದಳು. ಅಳತೆ ದಿನದಿನಕ್ಕೆ ಮೇಲೇರುತ್ತಿತ್ತು. ಅವಳು ಹೊಗೆ ಕೂಡಿಸಿದ್ದ ಲೆಕ್ಕವನ್ನು ದಾಟಿ, ಈಗ ಹಳೆಯ ಲೆಕ್ಕದ ಹತ್ತಿರಕ್ಕೆ ಬಂದಿತ್ತು. ಹೊಗೆ ಹೀಗೆ ಹೋಗುವುದಿಲ್ಲ. ಹೊಗೆಯನ್ನು ಗಾಳಿ ಒಯ್ಯುತ್ತದೆ, ಮರಳಿ ತರುತ್ತದೆ. ಅದರ ಗೆರೆ ಹರಿದ ಸೀರೆಯಂಚಿನಂತಿರುತ್ತದೆ. ಇದು ನುಣ್ಣಗಿತ್ತು. ಮೊದಮೊದಲು ಬೇಗ ಏರಿ, ಆಮೇಲೆ ನಿಧಾನವಾಗಿತ್ತು. ಮೋಡ ಕವಿದ ದಿನಗಳಲ್ಲಿ ಮಾತ್ರ ಇದ್ದಲ್ಲೇ ನಿಂತಿತ್ತು.

ಹಾಗಾದರೆ ಬಿಸಿಲನ್ನು ತಡೆಯುತ್ತಿದ್ದದ್ದು ಯಾವುದೋ, ಅದನ್ನು ಬಿಸಿಲೇ ತಿನ್ನುತ್ತಿತ್ತು.

ಮದುವೆಮನೆಗಳ ಸೀರೆ ಒಗೆಯುವ ಮನೆಯಲ್ಲಿ ಬೆಳೆದವಳು ಇದನ್ನು ಬೇರೆಯವರಿಂದ ಕೇಳಬೇಕಿರಲಿಲ್ಲ. ಅರಿಶಿನದ ಕಲೆಗೆ ಸಾಬೂನು ನಾಟುವುದಿಲ್ಲ. ಬಿಸಿಲಿಗೆ ಹರವಿದರೆ ತಾನಾಗೇ ಹೋಗುತ್ತದೆ.

ನಸುಕಿನಲ್ಲಿ ಮಾಳಿಗೆಗೆ ಹೋಗಿ, ಬಿಳಿ ಹತ್ತಿಗೆ ಸ್ಪಿರಿಟ್ ಹಾಕಿ ಗಾಜನ್ನು ತಿಕ್ಕಿದಳು. ಹತ್ತಿಗೆ ಎಳೆ ಹಳದಿ ಹತ್ತಿತು, ಹಾಲಿಗೆ ಕೇಸರಿ ಬಿಟ್ಟಷ್ಟು. ಹಿಂದೆ ನಿಂತಿದ್ದ ಶಿವಪುತ್ರಪ್ಪ ಅದನ್ನು ನೋಡಿ ಮೊದಲು ಕೈಮುಗಿದ. ಆಮೇಲೆ ಅವಳ ಮುಖ ನೋಡಿ, ಕೈ ಬಿಟ್ಟ.

“ನಾ ತೊಳೀತಿದ್ನಿರಿ ಮೇಡಮ್ಮಾರ. ಅಮ್ಮಾರು... ನಮ್ಮ ಮನ್ಯಾಗೂ ತೊಳಿಯೂದಿಲ್ರಿ,” ಎಂದ.

ಇನಾಮದಾರರು ಹತ್ತಿಯ ತುಂಡನ್ನು ಬಹಳ ಹೊತ್ತು ನೋಡಿದರು. “ಆ ಎರಡೂ ಕೇಂದ್ರದಾಗೂ?”

“ಅಲ್ಲಿ ಭಂಡಾರದ ಜೋಡಿ ಗಂಧಾನೂ ಹಚ್ಚಿದ್ರಂತ ಸರ್. ಒಣಾ ಅರಿವ್ಯಾಗ ಒರಸ್ಯಾರ. ಒಂದ ದಿನ, ಒಂದ ಪೂಜಿ.”

“ಉಪಕರಣದ ತಾಂತ್ರಿಕ ದೋಷ ಅಂತ ಬರದ ಮುಗಸ್ರಿ. ಪೂಜಿ ಮಾಡಿದ್ದಕ್ಕ ಜನರ ಕಣ್ಣ ಹೋದುವು ಅಂತ ಹೇಳಿದ್ರ ನಮ್ಮನ್ನ ಊರಾಗ ಇಟಗೊಳ್ತಾರೇನು? ಅದರಾಗ ಹಚ್ಚಿದವರು ನಿಮ್ಮ ತಾಯಿ.”

ಬರೆಯದಿದ್ದರೆ ಅವ್ವನಿಗೆ ಎಂದಿಗೂ ಗೊತ್ತಾಗುವುದಿಲ್ಲ. ಸೋಡಾ ಕೆಟ್ಟದ್ದು ಎಂದುಕೊಂಡೇ ಆ ಜೀವ ಮುಗಿಯುತ್ತದೆ. ಬರೆದರೆ ಗೊತ್ತಾಗುತ್ತದೆ. ಬರೆಯದಿದ್ದರೆ ಮುಂದಿನ ಖಂಡೇಪೂಜೆಗೆ ಈ ನಾಡಿನ ಅದೆಷ್ಟು ಮಾಳಿಗೆಗಳ ಮೇಲೆ ಅದೆಷ್ಟು ತಾಯಂದಿರು ಬೆರಳು ಅದ್ದುತ್ತಾರೋ.

“ನೀವು ಅಳತಿ ಖರೇ ಅಂದ್ರಿ ಸರ್, ನಾನೂ ಹೌದಂದೆ. ಮಾಳಗಿ ಹತ್ತಿ ಗಾಜ ಒಮ್ಮೀನೂ ನೋಡಲಿಲ್ಲ. ಪೂಜಿ ತಪ್ಪಲ್ಲ. ಅದು ಗಾಜಿನ ಮ್ಯಾಲೆ ಉಳದಿದ್ದು ತಪ್ಪು, ಉಳದದ್ದನ್ನ ನಾವು ನೋಡದಿದ್ದದ್ದು ತಪ್ಪು. ಹಂಗ ಬರೀತೀನಿ. ಊರವ್ರಿಗೂ ನಾನ ಹೇಳ್ತೀನಿ.”

“ತಾಯಿ ಹೆಸರು?”

ಮಹಾನಂದಾ ಹತ್ತಿಯ ತುಂಡನ್ನು ಎತ್ತಿಕೊಂಡು ಹೊರನಡೆದಳು.

ಮರುದಿನ ಎರಡನೇ ಕೂಗಾದ ಮೇಲೆ ಮಡಿಕಟ್ಟೆಯಲ್ಲಿ ಜನ ಕೂಡಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು, ಪಟ್ಟಿ ಬಿಚ್ಚಿಯೂ ಕಾಣದವರು. ದ್ಯಾಮವ್ವ ಬಂದಿರಲಿಲ್ಲ. ಫಕೀರವ್ವ ಯಾರದೋ ಭುಜ ಹಿಡಿದು ಹಿಂದೆ ನಿಂತಿದ್ದಳು. ಮಹಾನಂದಾ ಹೊಗೆಯ ಮಾತು, ಗೆರೆಗಳ ಮಾತು, ಅರಿಶಿನದ ಮಾತು, ಎಲ್ಲವನ್ನೂ ಹೇಳಿದಳು. ಅರಿಶಿನ ಮಾಸಿದ ಬಗೆಯನ್ನು ಹೇಳುವಾಗ ಒಗೆಯುವ ಹೆಂಗಸರು ತಲೆದೂಗಿದರು. ಅದು ಅವರಿಗೆ ತಿಳಿದ ವಿದ್ಯೆ.

“ಕೂಗಿನ ಹೊತ್ತ ಬದಲ ಮಾಡಿದಾಕಿ ನಾನು,” ಎಂದಳು. “ಬೈಯೂದಿದ್ರ ನನ್ನ ಬೈರಿ.”

“ಭಂಡಾರ ಹಚ್ಚಿದವರು ಯಾರವಾ?” ಎಂದು ಮುದುಕನೊಬ್ಬ ಕೇಳಿದ.

“ಎಲ್ಲಾರೂ ಹಚ್ಚಿದ್ರು. ಮೂರೂ ಕೇಂದ್ರದಾಗ ಹಚ್ಚಿದ್ರು.”

ಒಬ್ಬ ಹೆಂಗಸು ಮಣ್ಣಿನ ಹೆಂಟೆ ಎತ್ತಿ ಎಸೆದಳು. ಎಸೆದವಳಿಗೆ ಕಣ್ಣು ಕಾಣದ ಕಾರಣ ಅದು ಮಹಾನಂದಾಳಿಗೆ ತಾಗದೆ ನೀರಿಗೆ ಬಿತ್ತು.

ಮನೆಗೆ ಬಂದ ಮೇಲೆ ಫಕೀರವ್ವ ಗೋಡೆ ತಡವರಿಸುತ್ತ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಮಗಳು ರೊಟ್ಟಿ ಮುರಿದು ಕೈಗಿಟ್ಟಳು. ತಾಯಿ ತಿನ್ನಲಿಲ್ಲ.

“ಎಲ್ಲಾರೂ ಅಂದ್ಯಲ್ಲ.”

“ಹೂಂ ಬೇ.”

“ಎಲ್ಲಾರ ಬೆರಳಲ್ಲ. ನನ್ನ ಮೂರ ಬೆರಳು. ನೀರ ಹಚ್ಚಬ್ಯಾಡ ಅಂದಾಕೀನೂ ನಾನ.” ರೊಟ್ಟಿ ಕೆಳಗಿಟ್ಟು ಕೇಳಿದಳು: “ಇದರಾಗ ನಿನಗ ನೌಕರಿ ಹೋಗತೈತೇನ?”

“ಹೋಗಬಹುದು.”

“ಹೋಗಲಿ. ಕಲ್ಲ ಅಂತೂ ಅಲ್ಲೇ ಐತಿ.” ಆಮೇಲೆ ಅಂದಳು: “ನನ್ನ ಕಣ್ಣ ನನ್ನವು, ಹೋದ್ರ ಹೋದುವು. ನಾ ಉಂಡಾಕಿ, ಕಂಡಾಕಿ. ದ್ಯಾಮವ್ವ ಕೂಸಿನ ಮಾರಿ ಇನ್ನ ಎಂದ ನೋಡಬೇಕ, ಮಹಾನಂದಾ? ಹಲ್ಲ ಬಂದಾವಂತ ಅದಕ್ಕ. ಬೆರಳ ಹಾಕಿ ಮುಟ್ಟಿ ನೋಡ್ತಾಳಂತ.”

ಮಗಳು ತಾಯಿಯ ಪಾದದ ಮೇಲೆ ಕೈಯಿಟ್ಟಳು.

“ಏಳು. ಅವರ ಮನಿಗಿ ಕರಕೊಂಡ ನಡಿ,” ಎಂದಳು ಫಕೀರವ್ವ.

“ಯಾಕ ಬೇ? ನಿನ್ನ ಹೆಸರ ನಾ ಎಲ್ಲೂ ಹೇಳಿಲ್ಲ.”

“ಅದಕ್ಕ ನಾ ಹೋಗಬೇಕು.”

ದ್ಯಾಮವ್ವ ಬಾಗಿಲ ಹತ್ತಿರವೇ ಕುಳಿತು ಒಣಗಿದ ಬಟ್ಟೆಗಳನ್ನು ಅಂಚು ಮುಟ್ಟಿ ಮುಟ್ಟಿ ಮಡಚುತ್ತಿದ್ದಳು. ಕೂಸು ಒಳಗೆ ಮಲಗಿತ್ತು. ಹೆಜ್ಜೆ ಸದ್ದಿಗೆ ತಲೆಯೆತ್ತಿದಳು.

“ಯಾರು?”

“ನಾನ, ಫಕೀರವ್ವ.”

“ಬಾ ಅತ್ತಿ. ಕುರುಡಿ ಮನಿಗಿ ಕುರುಡಿ ಬಂದ್ಲು. ದೀಪದ ಎಣ್ಣಿ ಉಳೀತು.”

ಫಕೀರವ್ವ ನಗಲಿಲ್ಲ. ಎದುರಿಗೆ ಕುಳಿತು ಎಲ್ಲ ಹೇಳಿದಳು. ಗಾಜು, ಭಂಡಾರ, ಮೂರು ಬೆರಳು, ನೀರು ಹಚ್ಚಬೇಡ ಎಂದದ್ದು. ಮಹಾನಂದಾ ಹೊಸ್ತಿಲ ಹೊರಗೆ ನಿಂತಿದ್ದಳು. ದ್ಯಾಮವ್ವನ ಕೈ ಮಡಚುವುದನ್ನು ಬಿಟ್ಟಿತು.

“ಯಾಕ ಹೇಳಿದಿ ಅತ್ತಿ?” ಎಂದಳು ಕೊನೆಗೆ. “ದೇವರ ಹಿಂಗ ಮಾಡಿದಾ ಅಂತ ತಿಳಕೊಂಡಿದ್ನಿ. ಹಣೇಬಾರ ಅನ್ಕೊಂಡ ಕಣ್ಣ ಮುಚ್ಚಿದ್ರ ಒಂದಿಷ್ಟ ನಿದ್ದಿ ಬರ್ತಿತ್ತು. ಈಗ ಅದನ್ನೂ ಕಸಗೊಂಡಿ.”

“ದೇವರನ್ನ ಬೈದ್ರ ಅಂವಗ ಕೇಳತೈತೋ ಇಲ್ಲೋ,” ಎಂದಳು ಫಕೀರವ್ವ. “ನನ್ನ ಬೈ. ನಾ ಇಲ್ಲೇ ಹತ್ತರ ಅದೀನಿ. ನನಗ ಕೇಳತೈತಿ.”

ದ್ಯಾಮವ್ವ ಬೈಯತೊಡಗಿದಳು. ಮೊದಲು ಮೆಲ್ಲಗೆ ಶುರುವಾಯಿತು. ನಿನ್ನ ಭಂಡಾರಕ್ಕೆ ಬೆಂಕಿ ಹತ್ತಲಿ, ನಿನ್ನ ಬೆರಳು ಸೇದಿಹೋಗಲಿ. ಆಮೇಲೆ ದನಿ ಏರಿತು. ಮಗಳ ದೊಡ್ಡಸ್ತನ, ತಾಯಿಯ ಡೌಲು, ಮಾಳಿಗೆ ಹತ್ತಿದ ಕಾಲು, ಯಾವುದನ್ನೂ ಬಿಡಲಿಲ್ಲ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಯಾರೂ ಹತ್ತಿರ ಬರಲಿಲ್ಲ. ಒಂದೊಂದು ಬೈಗುಳಕ್ಕೂ ಫಕೀರವ್ವ ಕಥೆ ಕೇಳುವವರ ಹಾಗೆ ಹೂಂ, ಹೂಂ ಎನ್ನುತ್ತಿದ್ದಳು.

ಉಸಿರು ಸಾಲದೆ ದ್ಯಾಮವ್ವ ನಿಲ್ಲಿಸಿದಳು. ಒಳಗೆ ಕೂಸು ಎದ್ದು ಅಳುತ್ತಿತ್ತು. ಮಹಾನಂದಾ ಒಳಗೆ ಹೋಗಿ ಅದನ್ನು ಎತ್ತಿ ತಂದು ತಾಯಿಯ ಮಡಿಲಿಗಿಟ್ಟಳು. ದ್ಯಾಮವ್ವ ಬೇಡವೆನ್ನಲಿಲ್ಲ. ಸೆರಗು ಸರಿಸಿ ಕೂಸಿಗೆ ಮೊಲೆ ಕೊಟ್ಟಳು.

“ಆತೇನ?” ಎಂದು ಕೇಳಿದಳು ಫಕೀರವ್ವ.

“ಇಲ್ಲ. ಇನ್ನೂ ಐತಿ.”

“ಕೂಸ ಕುಡೀಲಿ. ಆಮ್ಯಾಲೆ ಬೈ,” ಎಂದು ಫಕೀರವ್ವ ಗೋಡೆಗೆ ಒರಗಿ ಕುಳಿತಳು.